ದಿನಗೂಲಿಯೋ, ಪಾಲೋ, ಇನಾಮೋ?
ಆರೋಗ್ಯ ಕಾರ್ಯಕರ್ತರ ಬೋನಸ್ ಮತ್ತು ಪ್ರೋತ್ಸಾಹಧನ ಕುರಿತು ಒಂದು ಪಾಠ



ಈ ಅಂಕಣದಲ್ಲಿ ನಾವು ಸಾಮಾನ್ಯವಾಗಿ ಬೆಳೆಗೆ ಬೀಳುವ ರೋಗ, ಗೊಬ್ಬರ, ಮಕ್ಕಳ ಲಸಿಕೆ, ಬಾಣಂತಿಯ ಆಹಾರ ಮುಂತಾದ ವಿಷಯಗಳನ್ನು ಓದುತ್ತೇವೆ. ಈ ಸಲ ಸ್ವಲ್ಪ ಬೇರೆ ವಿಷಯ. ನಮ್ಮ ಆರೋಗ್ಯ ನೋಡಿಕೊಳ್ಳುವ ದಾದಿಯರಿಗೂ ಕಾರ್ಯಕರ್ತೆಯರಿಗೂ ಕೂಲಿ ಹೇಗೆ ಸಿಗುತ್ತದೆ? ಅವರಿಗೆ ಕೊಡುವ ಬೋನಸ್ಸಿನಿಂದ, ಪ್ರೋತ್ಸಾಹಧನದಿಂದ ನಮಗೆ ಸಿಗುವ ಆರೈಕೆ ಉತ್ತಮವಾಗುತ್ತದೆಯೇ, ಕೆಡುತ್ತದೆಯೇ?

'ಇದು ಸರ್ಕಾರದ ವಿಷಯ, ನಮಗೇನು?' ಎಂದು ಕೆಲವರು ಕೇಳಬಹುದು. ಎರಡು ಕಾರಣಗಳಿಂದ ಇದು ನಮ್ಮದೇ ವಿಷಯ. ಒಂದು, ಬಸುರಿ ಹೆಂಗಸಿನ ಬಾಗಿಲಿಗೆ ಬಂದು ರಕ್ತದೊತ್ತಡ ನೋಡುವವರು, ಮಗುವಿಗೆ ಚುಚ್ಚುಮದ್ದು ಹಾಕುವವರು, ಮುದುಕರಿಗೆ ಸಕ್ಕರೆ ಕಾಯಿಲೆಯ ಮಾತ್ರೆ ತಂದುಕೊಡುವವರು ಇವರೇ. ಎರಡು, ಹನುಮಂತನಪಟ್ಟಿಯಂಥ ಊರುಗಳ ರೈತ ಮನೆಗಳಿಂದ ಹೆಣ್ಣುಮಕ್ಕಳು ನರ್ಸಿಂಗ್ ಓದಿ ಆಸ್ಪತ್ರೆ ಕೆಲಸಕ್ಕೆ ಹೋಗುತ್ತಾರೆ. ಅವರ ಕೂಲಿಯ ಲೆಕ್ಕ ಅವರ ಹೆತ್ತವರಿಗೂ ತಿಳಿದಿರಬೇಕು.

1. ಹೊಲದಿಂದಲೇ ಶುರು ಮಾಡೋಣ

ಕೂಲಿ ಕೊಡುವ ಬಗೆಗಳು ನಮಗೆ ಹೊಸವಲ್ಲ. ನಾಟಿಗೆ, ಕಳೆ ತೆಗೆಯುವುದಕ್ಕೆ ದಿನಗೂಲಿ ಕೊಡುತ್ತೇವೆ. ಕೆಲವು ಕೆಲಸಗಳನ್ನು ಇಷ್ಟು ಜಾಗಕ್ಕೆ ಇಷ್ಟು ಹಣ ಎಂದು ಗುತ್ತಿಗೆ ಮಾತಾಡುತ್ತೇವೆ. ಬಿಡಿಸಿದ ಕಾಯಿಗೆ ಕಿಲೋ ಲೆಕ್ಕದಲ್ಲಿ ಕೊಡುವುದೂ ಉಂಟು. ಕೆಲವರು ಹೊಲವನ್ನೇ ಪಾಲಿಗೆ ಬಿಡುತ್ತಾರೆ. ಹಬ್ಬ ಬಂದರೆ ಆಳುಗಳಿಗೆ ಒಂದಿಷ್ಟು ಇನಾಮು ಕೊಡುವುದೂ ನಮ್ಮ ವಾಡಿಕೆ.

ಪ್ರತಿಯೊಂದು ಬಗೆಗೂ ಅದರದೇ ಫಲವಿದೆ. ದಿನಗೂಲಿಯಲ್ಲಿ ಕೆಲಸ ನಿಧಾನವಾಗಬಹುದು. ಬದುವಿನ ಮೇಲೆ ಒಬ್ಬರು ನಿಂತಿರಬೇಕು. ಕಿಲೋ ಲೆಕ್ಕದಲ್ಲಿ ಕೈ ಚುರುಕಾಗುತ್ತದೆ. ಆದರೆ ಏಲಕ್ಕಿಯ ಎಳೆಕಾಯಿಯೂ ಬುಟ್ಟಿಗೆ ಬೀಳುತ್ತದೆ, ದ್ರಾಕ್ಷಿಯ ಗೊಂಚಲು ಅವಸರದಲ್ಲಿ ಉದುರುತ್ತದೆ. ಪಾಲಿಗೆ ಮಾಡುವವನು ಹೊಲವನ್ನು ತನ್ನದೆಂದೇ ನೋಡಿಕೊಳ್ಳುತ್ತಾನೆ. ಆದರೆ ಮಳೆ ಕೈಕೊಟ್ಟರೆ, ಕಾಲುವೆಗೆ ನೀರು ಬರದಿದ್ದರೆ, ತನ್ನ ತಪ್ಪಿಲ್ಲದೆಯೇ ಬರಿಗೈಯಲ್ಲಿ ನಿಲ್ಲುತ್ತಾನೆ.

ಇದರಿಂದ ತಿಳಿಯುವ ಮಾತು ಇಷ್ಟೇ: ಯಾವುದನ್ನು ಅಳೆದು ಹಣ ಕೊಡುತ್ತೇವೋ ಅದು ಹೆಚ್ಚುತ್ತದೆ, ಅಳೆಯದೆ ಬಿಟ್ಟದ್ದು ಸೊರಗುತ್ತದೆ. ಆಸ್ಪತ್ರೆಯಲ್ಲೂ ಇದೇ ನಿಯಮ. ಈ ಪಾಠದ ಉಳಿದ ಭಾಗವೆಲ್ಲ ಈ ಒಂದು ಮಾತಿನ ವಿವರಣೆ.

2. ಐದು ಶಬ್ದಗಳು

ಈ ವಿಷಯದಲ್ಲಿ ಐದು ಶಬ್ದಗಳನ್ನು ಜನ ಒಂದಕ್ಕೊಂದು ಬೆರೆಸಿ ಆಡುತ್ತಾರೆ. ಬೇರೆ ಬೇರೆ ಮಾಡಿ ತಿಳಿಯೋಣ.

ಸಂಬಳ: ನೇಮಕವಾದ ನೌಕರರಿಗೆ ತಿಂಗಳು ತಿಂಗಳು ಸಿಗುವ ಹಣ. ತಮಿಳುನಾಡಿನ ಗ್ರಾಮ ಆರೋಗ್ಯ ದಾದಿ, ಅಂದರೆ ನಾವು ನರ್ಸಮ್ಮ ಎಂದು ಕರೆಯುವವರು, ಸರ್ಕಾರಿ ಸಂಬಳದ ನೌಕರರು.

ಗೌರವಧನ: 'ಸ್ವಯಂಸೇವಕಿ' ಎಂದು ಹೆಸರಿಟ್ಟು ತಿಂಗಳಿಗೆ ಕೊಡುವ ಗೊತ್ತಾದ ಮೊತ್ತ. ಇದು ಸಂಬಳವಲ್ಲವಾದ್ದರಿಂದ ನೌಕರರಿಗಿರುವ ಹಕ್ಕುಗಳು ಇದರ ಜೊತೆ ಬರುವುದಿಲ್ಲ.

ಪ್ರೋತ್ಸಾಹಧನ: ಒಂದು ನಿರ್ದಿಷ್ಟ ಕೆಲಸ ಮಾಡಿದ್ದಕ್ಕೆ, ಅಥವಾ ಒಂದು ಫಲ ತೋರಿಸಿದ್ದಕ್ಕೆ ಕೊಡುವ ಹಣ.

ಬೋನಸ್: ಕಾನೂನಿನ ಪ್ರಕಾರ ವರ್ಷಕ್ಕೊಮ್ಮೆ ಕೊಡಬೇಕಾದ ಪಾಲು, ಅಥವಾ ಹಬ್ಬಕ್ಕೆಂದೋ ವಿಶೇಷ ಸೇವೆಗೆಂದೋ ಕೊಡುವ ಇನಾಮು.

ಲಂಚ: ಕೊಡಲೇಬೇಕಾದ ಸೇವೆಗೆ ರೋಗಿಯಿಂದ ಕಿತ್ತುಕೊಳ್ಳುವ ಹಣ. 'ಗಂಡು ಮಗು ಹುಟ್ಟಿದೆ, ಸಿಹಿಗೆ ಕೊಡಿ' ಎಂದು ಹೆರಿಗೆ ವಾರ್ಡಿನಲ್ಲಿ ಕೇಳುವುದು ಪ್ರೋತ್ಸಾಹಧನವೂ ಅಲ್ಲ, ಬೋನಸ್ಸೂ ಅಲ್ಲ. ಇದನ್ನು ಕೊಡಬೇಕಾಗಿಲ್ಲ.

3. ಬೋನಸ್ ಕಾನೂನು: ನರ್ಸ್ ಮಗಳಿರುವ ಮನೆಗೆ

ನಮ್ಮ ದೇಶದಲ್ಲಿ ಬೋನಸ್ ಪಾವತಿ ಕಾಯ್ದೆ ಬಂದದ್ದು 1965ರಲ್ಲಿ. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ವೇತನ ಸಂಹಿತೆ ಬಂದಿದೆ. ಮುಖ್ಯ ಅಂಶಗಳು ಹಳೆಯವೇ:

(ಅ) 20 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಸಂಸ್ಥೆಗೆ ಇದು ಅನ್ವಯಿಸುತ್ತದೆ.
(ಆ) ಲೆಕ್ಕದ ವರ್ಷದಲ್ಲಿ ಕನಿಷ್ಠ 30 ದಿನ ಕೆಲಸ ಮಾಡಿರಬೇಕು.
(ಇ) ಕನಿಷ್ಠ ಬೋನಸ್ ವರ್ಷದ ವೇತನದ ನೂರಕ್ಕೆ 8.33, ಗರಿಷ್ಠ ನೂರಕ್ಕೆ 20.
(ಈ) ಲೆಕ್ಕದ ವರ್ಷ ಮುಗಿದ ಎಂಟು ತಿಂಗಳೊಳಗೆ ಹಣ ಕೊಡಬೇಕು.
(ಉ) ಸರ್ಕಾರ ಗೊತ್ತುಪಡಿಸಿದ ಮಿತಿಗಿಂತ ಹೆಚ್ಚು ವೇತನ ಪಡೆಯುವವರಿಗೆ ಇದು ಸಿಗುವುದಿಲ್ಲ. ಹಳೆಯ ಕಾಯ್ದೆಯಲ್ಲಿ 2015ರ ತಿದ್ದುಪಡಿಯ ನಂತರ ಆ ಮಿತಿ ತಿಂಗಳಿಗೆ 21,000 ರೂ. ಇತ್ತು.

8.33 ಎಂಬ ಸಂಖ್ಯೆ ಎಲ್ಲಿಂದ ಬಂತು? ನೂರನ್ನು ಹನ್ನೆರಡರಿಂದ ಭಾಗಿಸಿ ನೋಡಿ. ಅಂದರೆ ಕನಿಷ್ಠ ಬೋನಸ್ ಎಂದರೆ ಸುಮಾರಾಗಿ ಒಂದು ತಿಂಗಳ ವೇತನ. ಲೆಕ್ಕಕ್ಕೆ ಹಿಡಿಯುವ ವೇತನ ತಿಂಗಳಿಗೆ 12,000 ರೂ. ಇದ್ದರೆ ವರ್ಷಕ್ಕೆ 1,44,000 ರೂ.; ಅದರ ನೂರಕ್ಕೆ 8.33 ಎಂದರೆ ಸುಮಾರು 12,000 ರೂ. ಮನೆ ಬಾಡಿಗೆ ಭತ್ಯೆ, ಹೆಚ್ಚುವರಿ ಹೊತ್ತಿನ ಕೂಲಿ ಈ ಲೆಕ್ಕಕ್ಕೆ ಸೇರುವುದಿಲ್ಲ.

ಇನ್ನೊಂದು ಅಂಶವನ್ನು ನಾವು ವಿಶೇಷವಾಗಿ ಗಮನಿಸಬೇಕು. ಲಾಭಕ್ಕಾಗಿ ಸ್ಥಾಪಿಸದ ಸಂಸ್ಥೆಗಳಿಗೆ, ಅಂಥ ಆಸ್ಪತ್ರೆಗಳಿಗೂ ಸೇರಿ, ಈ ಬೋನಸ್ ನಿಯಮ ಅನ್ವಯಿಸುವುದಿಲ್ಲ. ಹಳೆಯ ಕಾಯ್ದೆಯೂ ಹಾಗೆಯೇ ಹೇಳಿತ್ತು, ಹೊಸ ಸಂಹಿತೆಯೂ ಹಾಗೆಯೇ ಹೇಳುತ್ತದೆ. ಧರ್ಮಾರ್ಥ ಆಸ್ಪತ್ರೆಗಳೂ ಮಿಷನ್ ಆಸ್ಪತ್ರೆಗಳೂ ಈ ಸಾಲಿಗೆ ಬರುತ್ತವೆ. ಅಲ್ಲಿ ಬೋನಸ್ ಕೊಟ್ಟರೆ ಅದು ಆಡಳಿತದವರ ಒಳ್ಳೆಯ ಮನಸ್ಸು ಅಥವಾ ಒಪ್ಪಂದ, ಕಾನೂನಿನ ಒತ್ತಾಯವಲ್ಲ. ಆದರೆ ಕನಿಷ್ಠ ವೇತನದ ವಿಷಯ ಬೇರೆ. ಸೇವೆಯ ಹೆಸರಿನಲ್ಲಿ ಅದನ್ನು ಕಡಿತ ಮಾಡುವಂತಿಲ್ಲ.

ಸಂಬಳದ ಬಗ್ಗೆಯೂ ಒಂದು ಮಾತು. ಖಾಸಗಿ ಆಸ್ಪತ್ರೆಗಳ ದಾದಿಯರ ಸ್ಥಿತಿ ನೋಡಿ, ಸುಪ್ರೀಂ ಕೋರ್ಟಿನ ಸೂಚನೆಯಂತೆ ಕೇಂದ್ರ ಸರ್ಕಾರ ನೇಮಿಸಿದ ಸಮಿತಿಯೊಂದು 2016ರಲ್ಲಿ ಶಿಫಾರಸು ಮಾಡಿತು: 50ಕ್ಕಿಂತ ಕಡಿಮೆ ಹಾಸಿಗೆಯ ಸಣ್ಣ ಆಸ್ಪತ್ರೆಯಲ್ಲೂ ದಾದಿಯ ಸಂಬಳ ತಿಂಗಳಿಗೆ 20,000 ರೂಪಾಯಿಗೆ ಕಡಿಮೆ ಇರಬಾರದು. ಇದು ಶಿಫಾರಸು ಮಾತ್ರ. ಆದರೂ ಮಗಳು ಕೆಲಸಕ್ಕೆ ಸೇರುವಾಗ ಸಂಬಳದ ಮಾತು ಆಡಲು ಇದೊಂದು ಆಧಾರ.

ಸರ್ಕಾರಿ ಆರೋಗ್ಯ ಇಲಾಖೆಯವರಿಗೆ ಈ ಬೋನಸ್ ಕಾನೂನು ಇಲ್ಲ. ಅವರಿಗೆ ಸಿಗುವುದು ಇನಾಮಿನ ಬಗೆಯದು. ತಮಿಳುನಾಡು ಸರ್ಕಾರ ಇತ್ತೀಚಿನ ವರ್ಷಗಳಲ್ಲಿ ಪೊಂಗಲ್ ಸಮಯದಲ್ಲಿ ಸಿ ಮತ್ತು ಡಿ ದರ್ಜೆಯ ನೌಕರರಿಗೆ ಹೆಚ್ಚೆಂದರೆ 3,000 ರೂ. ಕೊಡುತ್ತಾ ಬಂದಿದೆ. ಕೊರೋನಾದ ಎರಡನೆಯ ಅಲೆಯಲ್ಲಿ, 2021ರ ಮೇ ತಿಂಗಳಲ್ಲಿ, ಏಪ್ರಿಲ್‌ನಿಂದ ಜೂನ್‌ವರೆಗಿನ ಸೇವೆಗಾಗಿ ವೈದ್ಯರಿಗೆ 30,000, ದಾದಿಯರಿಗೆ 20,000, ಇತರ ಸಿಬ್ಬಂದಿಗೆ 15,000 ರೂ. ಪ್ರಕಟಿಸಿತು. ಇಂಥ ಇನಾಮು ಕೃತಜ್ಞತೆಯ ಗುರುತು. ದುಡಿದ ಕೈಗೆ ಅದು ಸಂತೋಷ ಕೊಡುತ್ತದೆ. ಆದರೆ ಮುಂದಿನ ವರ್ಷದ ಕೆಲಸ ಹೇಗಿರಬೇಕೆಂದು ಅದು ಹೇಳುವುದಿಲ್ಲ.

4. ಕೆಲಸಕ್ಕೆ ತಕ್ಕ ಹಣ: ಆಶಾ ಕಾರ್ಯಕರ್ತೆಯರು

ಕೆಲಸ ಎಣಿಸಿ ಹಣ ಕೊಡುವ ಪದ್ಧತಿಗೆ ನಮ್ಮ ದೇಶದ ದೊಡ್ಡ ಉದಾಹರಣೆ ಆಶಾ ಕಾರ್ಯಕರ್ತೆಯರು. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾದಾಗ ಈ ಯೋಜನೆ ಬಂತು. ತಮಿಳುನಾಡಿನಲ್ಲಿ ಮೊದಲಿನಿಂದಲೂ ಗ್ರಾಮ ಆರೋಗ್ಯ ದಾದಿಯರು ಇದ್ದುದರಿಂದ ಇಲ್ಲಿ ಆಶಾಗಳು ಕಡಿಮೆ. ಹೆಚ್ಚಾಗಿ ಬೆಟ್ಟದ ಮತ್ತು ಬುಡಕಟ್ಟಿನ ಊರುಗಳಲ್ಲಿದ್ದಾರೆ. 2021ರ ಆಗಸ್ಟ್ 5ರಂದು ಕೃಷ್ಣಗಿರಿ ಜಿಲ್ಲೆಯಲ್ಲಿ ಆರಂಭವಾದ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆಯಲ್ಲಿ ಮನೆಮನೆಗೆ ಮಾತ್ರೆ ತರುವ ಮಹಿಳಾ ಸ್ವಯಂಸೇವಕಿಯರನ್ನು ನಾವು ಹೆಚ್ಚಾಗಿ ನೋಡುತ್ತೇವೆ. ಆದರೆ ಕುಮಿಳಿ ಘಟ್ಟ ಹತ್ತಿದರೆ ಇಡುಕ್ಕಿಯಲ್ಲಿ ಆಶಾಗಳೇ. ನಮ್ಮ ನೆಂಟರಿರುವ ಕರ್ನಾಟಕದಲ್ಲೂ ನಲವತ್ತು ಸಾವಿರಕ್ಕೂ ಹೆಚ್ಚು ಆಶಾಗಳಿದ್ದಾರೆ.

ಇವರ ಲೆಕ್ಕ ಹೀಗೆ: ಹಳ್ಳಿಯ ಬಸುರಿಯನ್ನು ತಪಾಸಣೆಗೆ ಕರೆದೊಯ್ದು ಆಸ್ಪತ್ರೆ ಹೆರಿಗೆ ಮಾಡಿಸಿದರೆ ಜನನಿ ಸುರಕ್ಷಾ ಯೋಜನೆಯಲ್ಲಿ 300 ಮತ್ತು 300, ಒಟ್ಟು 600 ರೂ. ಹುಟ್ಟಿದ ಮಗುವನ್ನು 42 ದಿನದೊಳಗೆ ಗೊತ್ತಾದ ದಿನಗಳಲ್ಲಿ ಮನೆಗೆ ಹೋಗಿ ನೋಡಿದರೆ 250 ರೂ. ಒಂದು ವರ್ಷದೊಳಗಿನ ಎಲ್ಲಾ ಲಸಿಕೆ ಮುಗಿಸಿದರೆ 100 ರೂ. ಹೀಗೆ ಹತ್ತಾರು ಬಾಬ್ತುಗಳು. ಪ್ರತಿ ತಿಂಗಳ ನಿತ್ಯಕೆಲಸಕ್ಕೆಂದು ಕೇಂದ್ರ ಕೊಡುತ್ತಿದ್ದ 1,000 ರೂ. 2018ರಲ್ಲಿ 2,000 ಆಯಿತು. 2025ರಲ್ಲಿ 3,500 ಎಂದು ಪ್ರಕಟವಾಯಿತು.

ಇದರಿಂದ ಫಲ ಬಂತೇ? ಬಂತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2005–06ರಲ್ಲಿ ದೇಶದಲ್ಲಿ ನೂರಕ್ಕೆ 39 ಹೆರಿಗೆಗಳು ಆಸ್ಪತ್ರೆಯಲ್ಲಿ ಆಗುತ್ತಿದ್ದವು. 2015–16ರಲ್ಲಿ ಅದು 79, 2019–21ರಲ್ಲಿ 89. ತಾಯಿಗೂ ಕಾರ್ಯಕರ್ತೆಗೂ ಕೊಟ್ಟ ಹಣಕ್ಕೆ ಇದರಲ್ಲಿ ಪಾಲಿದೆ.

ಆದರೆ ಇಲ್ಲಿ ಅಳೆದದ್ದು ಏನು? ತಾಯಿ ಆಸ್ಪತ್ರೆಯ ಬಾಗಿಲು ದಾಟಿದಳೇ ಎಂಬುದು. ಒಳಗೆ ಹೋದ ಮೇಲೆ ಅವಳ ರಕ್ತಸ್ರಾವವನ್ನು ಯಾರಾದರೂ ನೋಡಿದರೇ, ರಾತ್ರಿ ದಾದಿ ಇದ್ದಳೇ ಎಂಬುದನ್ನು ಆ 600 ರೂಪಾಯಿ ಅಳೆಯಲಿಲ್ಲ. ಬಾಗಿಲು ದಾಟುವವರು ಬೇಗ ಹೆಚ್ಚಿದರು. ಒಳಗಿನ ಆರೈಕೆ ಅದೇ ವೇಗದಲ್ಲಿ ಸುಧಾರಿಸಲಿಲ್ಲ.

ಇನ್ನೊಂದು ಕೊರತೆ ಕಾರ್ಯಕರ್ತೆಯದು. ಎಣಿಕೆಗೆ ಬರುವ ಕೆಲಸಕ್ಕೆ ಮಾತ್ರ ಹಣ. ಒಬ್ಬ ಅಜ್ಜಿಯ ಬಳಿ ಅರ್ಧ ಗಂಟೆ ಕೂತು ಮಾತ್ರೆ ಏಕೆ ಬಿಟ್ಟಳೆಂದು ಕೇಳಿ ತಿಳಿದರೆ ಅದಕ್ಕೆ ಬಾಬ್ತು ಇಲ್ಲ. ಹಣ ತಿಂಗಳುಗಟ್ಟಲೆ ತಡವಾದರೂ 'ಸ್ವಯಂಸೇವಕಿ'ಗೆ ಹೇಳಿಕೊಳ್ಳಲು ಬಲವಿಲ್ಲ. 'ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂ' ಎಂಬ ಗಾದೆ ಇದಕ್ಕೇ ಹೇಳಿದಂತಿದೆ. ನೆಚ್ಚಿ ಬದುಕುವ ಸಂಬಳವಿಲ್ಲದೆ ಪ್ರೋತ್ಸಾಹಧನ ಮಾತ್ರ ಕೊಡುವುದೆಂದರೆ ಹೀಗೆಯೇ.

ಆದ್ದರಿಂದಲೇ 2025ರ ಜನವರಿಯಲ್ಲಿ ಕರ್ನಾಟಕದ ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂತರು. ತಿಂಗಳಿಗೆ ಕನಿಷ್ಠ 10,000 ರೂ. ಸಿಗುವಂತೆ ಮಾಡುವ ಭರವಸೆ ಸಿಕ್ಕ ಮೇಲೆ ಎದ್ದರು. ಅದೇ ವರ್ಷ ಫೆಬ್ರವರಿ 10ರಿಂದ ಕೇರಳದ ಆಶಾಗಳು ತಿರುವನಂತಪುರದ ಸೆಕ್ರೆಟೇರಿಯಟ್ ಮುಂದೆ ತಿಂಗಳುಗಟ್ಟಲೆ ಧರಣಿ ಕೂತರು. ತಿಂಗಳಿಗೆ 21,000 ರೂ. ಅವರ ಬೇಡಿಕೆಯಾಗಿತ್ತು. ಎರಡೂ ಕಡೆ ಕೇಳಿದ್ದು ಒಂದೇ: ಲೆಕ್ಕದ ಹಣ ಇರಲಿ, ಆದರೆ ಅದರ ಕೆಳಗೆ ಗಟ್ಟಿ ನೆಲವೂ ಇರಲಿ.

5. ದಿನಗೂಲಿಯೇ, ಪಾಲೇ? ಕರ್ನಾಟಕದ ಒಂದು ಪ್ರಯೋಗ

ಈಗ ಹೊಲದ ಪ್ರಶ್ನೆಗೆ ಮರಳೋಣ. ಉಳುಮೆ, ಗೊಬ್ಬರ, ಕಳೆ ಇವನ್ನು ಸರಿಯಾಗಿ ಮಾಡಿದ್ದಕ್ಕೆ ಹಣ ಕೊಡಬೇಕೇ? ಇಲ್ಲ, ಕಣಕ್ಕೆ ಬಂದ ಕಾಳು ನೋಡಿ ಕೊಡಬೇಕೇ? ವೈದ್ಯರ ವಿಷಯದಲ್ಲಿ ಇದೇ ಪ್ರಶ್ನೆಯನ್ನು ಕರ್ನಾಟಕದ ಹಳ್ಳಿಗಾಡಿನಲ್ಲೇ ಪರೀಕ್ಷಿಸಿ ನೋಡಿದ್ದಾರೆ. ಮನೋಜ್ ಮೋಹನನ್, ಗ್ರಾಂಟ್ ಮಿಲ್ಲರ್ ಮತ್ತು ಸಂಗಡಿಗರು ಹೆರಿಗೆ ಮಾಡಿಸುವ ನೂರಕ್ಕೂ ಹೆಚ್ಚು ಖಾಸಗಿ ವೈದ್ಯರನ್ನು ಸೇರಿಸಿಕೊಂಡು ಇದನ್ನು ನಡೆಸಿದರು. ಅದರ ವರದಿ 2021ರಲ್ಲಿ ಅಚ್ಚಾಯಿತು.

ವೈದ್ಯರನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿದರು. ಮೊದಲ ಗುಂಪಿಗೆ, ಹೆರಿಗೆಯ ಮಾರ್ಗಸೂಚಿಯಂತೆ ಮಾಡಬೇಕಾದ ಕೆಲಸಗಳನ್ನು ಮಾಡಿದ್ದಕ್ಕೆ ಹಣ. ಎರಡನೆಯ ಗುಂಪಿಗೆ, ಫಲ ನೋಡಿ ಹಣ: ತಾಯಿಗೆ ಅತಿ ರಕ್ತಸ್ರಾವ, ನಂಜು, ಬಸುರಿನ ರಕ್ತದೊತ್ತಡದ ತೊಂದರೆ ಮತ್ತು ನವಜಾತ ಶಿಶುವಿನ ಸಾವು ಕಡಿಮೆಯಾದಷ್ಟೂ ಹೆಚ್ಚು ಹಣ. ಮೂರನೆಯ ಗುಂಪಿಗೆ ಪ್ರೋತ್ಸಾಹಧನವಿಲ್ಲ, ಅವರು ಹೋಲಿಕೆಗೆ.

ಫಲಿತಾಂಶ ಏನು? ಹಣ ಕೊಟ್ಟ ಎರಡೂ ಗುಂಪುಗಳಲ್ಲಿ ಹೆರಿಗೆಯ ನಂತರದ ಅತಿ ರಕ್ತಸ್ರಾವ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಇಳಿಯಿತು. ಇದು ಸಣ್ಣ ಮಾತಲ್ಲ. ಹೆರಿಗೆಯಲ್ಲಿ ತಾಯಂದಿರನ್ನು ಕೊಲ್ಲುವ ಕಾರಣಗಳಲ್ಲಿ ರಕ್ತಸ್ರಾವವೇ ದೊಡ್ಡದು. ಮಗು ಹುಟ್ಟಿದ ಕೂಡಲೆ ಗರ್ಭಕೋಶ ಬಿಗಿಯಾಗುವ ಚುಚ್ಚುಮದ್ದು ಕೊಟ್ಟು, ಕಸ ಬಿದ್ದ ಮೇಲೂ ತಾಯಿಯನ್ನು ಗಮನಿಸುತ್ತಿದ್ದರೆ ಬಹುಪಾಲು ತಡೆಯಬಹುದಾದದ್ದು ಇದು. ಅಂದರೆ ವೈದ್ಯರ ಕೈಯಲ್ಲೇ ಇರುವ ಕೆಲಸ.

ಒಂದು ವ್ಯತ್ಯಾಸವೂ ಕಂಡಿತು. ಉನ್ನತ ಓದು ಇದ್ದ ವೈದ್ಯರು ಫಲ ನೋಡಿ ಹಣ ಕೊಟ್ಟಾಗ ಇನ್ನೂ ಚೆನ್ನಾಗಿ ಮಾಡಿದರು. ಹೊಸ ಉಪಾಯಗಳನ್ನು ತಾವೇ ಹುಡುಕಿದರು. ಕೆಲಸಕ್ಕೆ ಹಣ ಕೊಟ್ಟಾಗ ಹೆಚ್ಚು ಓದಿದವರೂ ಕಡಿಮೆ ಓದಿದವರೂ ಸಮನಾಗಿ ನಡೆದರು. ನಮ್ಮ ಅನುಭವವೂ ಇದೇ ಅಲ್ಲವೇ? ಭೂಮಿಯ ಗುಣ ಬಲ್ಲ ಹಳೆಯ ಒಕ್ಕಲಿಗನಿಗೆ ಪಾಲಿಗೆ ಕೊಟ್ಟರೆ ಅವನು ದಾರಿ ಕಂಡುಕೊಳ್ಳುತ್ತಾನೆ. ಈಗಷ್ಟೇ ಕಲಿಯುವ ಹುಡುಗನಿಗೆ 'ಇದು ಮಾಡು, ಇದಕ್ಕೆ ಇಷ್ಟು' ಎಂದು ಹೇಳುವುದೇ ಮೇಲು.

ಇನ್ನೊಂದು ವಿಷಯ ಮರೆಯಬಾರದು. ಇಲ್ಲಿ ಲೆಕ್ಕವನ್ನು ವೈದ್ಯರ ಪುಸ್ತಕದಿಂದ ಮಾತ್ರ ತೆಗೆದುಕೊಳ್ಳಲಿಲ್ಲ. ಹೆತ್ತ ತಾಯಂದಿರ ಮನೆಗೆ ಹೋಗಿ ಏನೇನಾಯಿತೆಂದು ಕೇಳಿದರು. ಮನೆಯಲ್ಲಿ ಮಲಗಿದ್ದ ಬಾಣಂತಿ ಹೇಳಿದ ಮಾತು ವೈದ್ಯರ ಪ್ರೋತ್ಸಾಹಧನದ ಲೆಕ್ಕಕ್ಕೆ ಬಂತು.

6. ಮೇಲಿನವರು ಕೈಬಿಟ್ಟರೆ

ಕೆಲಸಕ್ಕೆ ಬರುವುದಕ್ಕೇ ಪ್ರೋತ್ಸಾಹ ಅಥವಾ ದಂಡ ಇಟ್ಟರೆ ಹೇಗೆ? ರಾಜಸ್ಥಾನದ ಉದಯಪುರ ಜಿಲ್ಲೆಯಲ್ಲಿ 2006ರಲ್ಲಿ ಸೇವಾ ಮಂದಿರ ಎಂಬ ಸಂಸ್ಥೆ ಮತ್ತು ಜಿಲ್ಲಾ ಆರೋಗ್ಯ ಆಡಳಿತ ಸೇರಿ ಉಪಕೇಂದ್ರದ ದಾದಿಯರ ಹಾಜರಾತಿಗೆ ತಾರೀಖು-ಹೊತ್ತು ಒತ್ತುವ ಯಂತ್ರ ಇಟ್ಟರು. ಅರ್ಧಕ್ಕಿಂತ ಹೆಚ್ಚು ದಿನ ಬಾರದವರಿಗೆ ಸಂಬಳ ಕಡಿತ ಎಂದು ಸಾರಿದರು. ಮೊದಲ ಕೆಲವು ತಿಂಗಳು ಹಾಜರಾತಿ ಚೆನ್ನಾಗಿ ಏರಿತು. ಆಮೇಲೆ ಅಧಿಕಾರಿಗಳೇ 'ವಿನಾಯಿತಿ ದಿನ'ಗಳನ್ನು ಬರೆದುಕೊಡತೊಡಗಿದರು. ಹದಿನಾರು ತಿಂಗಳಾಗುವಷ್ಟರಲ್ಲಿ ಯೋಜನೆ ಇದ್ದ ಕಡೆಗೂ ಇಲ್ಲದ ಕಡೆಗೂ ವ್ಯತ್ಯಾಸವೇ ಉಳಿಯಲಿಲ್ಲ. ಯಂತ್ರವೇನೋ ಇತ್ತು, ಅದನ್ನು ನಡೆಸುವ ಮನಸ್ಸು ಉಳಿಯಲಿಲ್ಲ.

ಕರ್ನಾಟಕದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೂ ಬೆರಳಚ್ಚು ಹಾಜರಾತಿಯ ಪ್ರಯೋಗ ನಡೆಯಿತು. ಅಲ್ಲಿ ದಾದಿಯರ, ಪ್ರಯೋಗಾಲಯದವರ, ಔಷಧಿ ಕೊಡುವವರ ಹಾಜರಾತಿ ಏರಿತು, ವೈದ್ಯರದು ಏರಲಿಲ್ಲ. ದಾದಿ ಇದ್ದುದರಿಂದಲೇ ಆ ಭಾಗದಲ್ಲಿ ಕಡಿಮೆ ತೂಕದ ಮಕ್ಕಳು ಹುಟ್ಟುವುದು ಇಳಿಯಿತೆಂದು ಅಧ್ಯಯನ ಮಾಡಿದವರು ಬರೆದಿದ್ದಾರೆ. ಕೆಳಗಿನವರಿಗೆ ನಿಯಮ, ಮೇಲಿನವರಿಗೆ ಸಡಿಲ ಎಂದಾದರೂ, ಆರೈಕೆಯ ಬೆನ್ನೆಲುಬು ಯಾರೆಂದು ಇದರಿಂದ ತಿಳಿಯುತ್ತದೆ.

7. ಎಣಿಕೆ ಹುಚ್ಚಾದರೆ

ಗುರಿ ಕೊಟ್ಟು ಒತ್ತಾಯ ಮಾಡಿದರೆ ಏನಾಗುತ್ತದೆಂದು ನಮ್ಮ ದೇಶ 1975–77ರ ತುರ್ತು ಪರಿಸ್ಥಿತಿಯಲ್ಲಿ ಕಂಡಿತು. ಸಂತಾನಹರಣ ಶಸ್ತ್ರಚಿಕಿತ್ಸೆಗೆ ಇಷ್ಟು ಜನರನ್ನು ತರಲೇಬೇಕೆಂದು ಶಿಕ್ಷಕರಿಗೂ ಆರೋಗ್ಯ ಸಿಬ್ಬಂದಿಗೂ ಗುರಿ ಕೊಟ್ಟು, ತಾರದವರ ಸಂಬಳ ತಡೆದದ್ದುಂಟು. ಸಂಖ್ಯೆ ಏರಿತು, ಬಡವರು ನಲುಗಿದರು, ಆರೋಗ್ಯ ಕಾರ್ಯಕರ್ತರನ್ನು ಕಂಡರೆ ಜನ ಬಾಗಿಲು ಮುಚ್ಚುವಂತಾಯಿತು. ಆ ಬಗೆಯ ಗುರಿಗಳನ್ನು ದೇಶದಲ್ಲೆಲ್ಲ ಕೈಬಿಟ್ಟದ್ದು 1996ರ ಏಪ್ರಿಲ್‌ನಲ್ಲಿ. ಕಾಪಾಡಬೇಕಾದ ಬೇಲಿಯೇ ಎದ್ದು ಹೊಲ ಮೇಯ್ದ ಕಥೆ ಇದು.

ಆಫ್ರಿಕದ ರುವಾಂಡ ದೇಶದಲ್ಲಿ 2006ರಿಂದ ಆರೋಗ್ಯ ಕೇಂದ್ರಗಳಿಗೆ ಕೆಲಸ ಎಣಿಸಿ ಹಣ ಕೊಟ್ಟರು. ಅಲ್ಲಿ ಆಸ್ಪತ್ರೆ ಹೆರಿಗೆ ನೂರಕ್ಕೆ 23ರಷ್ಟು ಹೆಚ್ಚಿತು. ಆದರೆ ಬಸುರಿಯ ನಾಲ್ಕೂ ತಪಾಸಣೆ ಮುಗಿಯುವುದಾಗಲಿ, ಮಗುವಿನ ಎಲ್ಲಾ ಲಸಿಕೆ ಮುಗಿಯುವುದಾಗಲಿ ಹೆಚ್ಚಲಿಲ್ಲ. ಹೆಚ್ಚು ಹಣ ಇದ್ದ, ಕಡಿಮೆ ಶ್ರಮ ಬೇಡುವ ಕೆಲಸಗಳು ಮೊದಲು ಏರಿದವು. ಮತ್ತೆ ಮತ್ತೆ ಬರುವಂತೆ ತಾಯಿಯ ಮನವೊಲಿಸುವ ಕೆಲಸ ಹಿಂದೆ ಉಳಿಯಿತು.

ಬ್ರಿಟನ್ನಿನಲ್ಲಿ 2004ರಲ್ಲಿ ಕುಟುಂಬ ವೈದ್ಯರ ಆದಾಯದ ದೊಡ್ಡ ಪಾಲನ್ನೇ ಗುಣಮಟ್ಟದ ಅಂಕಗಳಿಗೆ ಕಟ್ಟಿದರು. ಮೊದಲು ಸುಧಾರಣೆ ವೇಗವಾಗಿ ಬಂತು, ಆಮೇಲೆ ನಿಂತಿತು. ಅಸ್ತಮಾ ಮತ್ತು ಹೃದ್ರೋಗದ ರೋಗಿಗಳ ಆರೈಕೆಯಲ್ಲಿ ಅಂಕವಿಲ್ಲದ ಭಾಗಗಳು ಇಳಿದವು. ಊರು ಯಾವುದಾದರೇನು, ಹೊಲದ ನಿಯಮವೇ ಅಲ್ಲೂ ನಡೆಯಿತು.

ಕೊನೆಯದಾಗಿ ಒಂದು ಒಳ್ಳೆಯ ಉದಾಹರಣೆ. ಚಂಡೀಗಢದ ಕೊಳೆಗೇರಿಗಳ ಅಂಗನವಾಡಿಗಳಲ್ಲಿ, ಮಕ್ಕಳ ತೂಕ ಸುಧಾರಿಸಿದರೆ ಕಾರ್ಯಕರ್ತೆಗೆ ಹಣ ಎಂದು ಇಟ್ಟರು. ಹಣ ಒಂದೇ ಇದ್ದ ಕಡೆ ಹೇಳಿಕೊಳ್ಳುವ ಫಲ ಬರಲಿಲ್ಲ. ತಾಯಂದಿರಿಗೆ ಪೌಷ್ಟಿಕ ಅಡುಗೆಯ ಪುಸ್ತಕ ಮಾತ್ರ ಕೊಟ್ಟ ಕಡೆಯೂ ಬರಲಿಲ್ಲ. ಎರಡನ್ನೂ ಸೇರಿಸಿ ಕೊಟ್ಟ ಕಡೆ ಮಕ್ಕಳ ತೂಕ ಸುಧಾರಿಸಿತು. ಕಾರ್ಯಕರ್ತೆಗೆ ಪ್ರೋತ್ಸಾಹ, ಮನೆಗೆ ತಿಳುವಳಿಕೆ, ಎರಡೂ ಸೇರಿದಾಗಲೇ ಮಗು ಬೆಳೆಯುತ್ತದೆ.

8. ಒಳ್ಳೆಯ ಪ್ರೋತ್ಸಾಹಧನಕ್ಕೆ ನಾಲ್ಕು ಪರೀಕ್ಷೆ

ಮೇಲಿನ ಉದಾಹರಣೆಗಳಿಂದ ನಾಲ್ಕು ಪ್ರಶ್ನೆಗಳನ್ನು ತೆಗೆದುಕೊಳ್ಳಬಹುದು. ಹೊಸ ಯೋಜನೆಯ ಸುದ್ದಿ ಓದಿದಾಗ ಇವನ್ನು ಕೇಳಿ ನೋಡಿ.

(1) ಇದರ ಕೆಳಗೆ ನ್ಯಾಯವಾದ ಸಂಬಳ ಇದೆಯೇ? ಪ್ರೋತ್ಸಾಹಧನ ಊಟದ ಮೇಲಿನ ಮಜ್ಜಿಗೆಯಂತಿರಬೇಕು, ಮಜ್ಜಿಗೆಯೇ ಊಟವಾಗಬಾರದು.

(2) ಅಳೆಯುವ ವಿಷಯ ಕಾರ್ಯಕರ್ತೆಯ ಕೈಯಲ್ಲಿ ಇದೆಯೇ? ಔಷಧಿಯೇ ಬಾರದ ಕೇಂದ್ರದಲ್ಲಿ ರೋಗ ಇಳಿಯಲಿಲ್ಲವೆಂದು ದಾದಿಯ ಹಣ ಹಿಡಿಯುವುದು, ಕಾಲುವೆ ಒಣಗಿದಾಗ ಪಾಲುಗಾರನನ್ನು ದೂರಿದಂತೆ.

(3) ಲೆಕ್ಕವನ್ನು ಹೊರಗಿನವರು ನೋಡುತ್ತಾರೆಯೇ? ಬರೆಯುವವರೇ ಹಣ ಪಡೆಯುವವರಾದರೆ ಪುಸ್ತಕದಲ್ಲಿ ಬೆಳೆ ಚೆನ್ನಾಗಿಯೇ ಬರುತ್ತದೆ.

(4) ಹಣ ಹೊತ್ತಿಗೆ ಸಿಗುತ್ತದೆಯೇ? ಸುಗ್ಗಿಯ ಕೂಲಿಯನ್ನು ಮುಂದಿನ ಸುಗ್ಗಿಗೆ ಕೊಟ್ಟರೆ ಆಳು ಬರುವುದಿಲ್ಲ.

9. ನಾವು ಮಾಡಬಹುದಾದದ್ದು

ಮೊದಲನೆಯದಾಗಿ, ತಾಯಿ-ಮಗುವಿನ ಕಾರ್ಡನ್ನು ಜೋಪಾನವಾಗಿಡಿ. ದಾದಿ ಬಂದ ದಿನ, ಹಾಕಿದ ಲಸಿಕೆ, ನೋಡಿದ ರಕ್ತದೊತ್ತಡ ಅದರಲ್ಲಿ ಬರೆದಿದೆಯೇ ನೋಡಿ. ಮಾಡದ ಕೆಲಸ ಬರೆದಿದ್ದರೆ ವಿನಯದಿಂದ ಕೇಳಿ. ಮಾಡಿದ ಕೆಲಸ ಬಿಟ್ಟುಹೋಗಿದ್ದರೆ ಬರೆಯಿಸಿ. ಅದು ಅವರ ಕೂಲಿಗೂ ನಮ್ಮ ಮಗುವಿನ ಆರೋಗ್ಯಕ್ಕೂ ಒಳ್ಳೆಯದು.

ಎರಡನೆಯದಾಗಿ, ಸಮೀಕ್ಷೆಗೆ ಬಂದವರು ಕೇಳಿದರೆ ಇದ್ದದ್ದನ್ನು ಇದ್ದಂತೆ ಹೇಳಿ. 'ನರ್ಸಮ್ಮನಿಗೆ ತೊಂದರೆಯಾದೀತು' ಎಂದು ಮುಚ್ಚಿಡುವುದೂ ಬೇಡ. ಸಿಟ್ಟಿನಿಂದ ಸೇರಿಸಿ ಹೇಳುವುದೂ ಬೇಡ. ಕರ್ನ���ಟಕದ ಪ್ರಯೋಗದಲ್ಲಿ ತಾಯಂದಿರ ಮಾತಿಗೆ ಎಷ್ಟು ಬೆಲೆಯಿತ್ತೆಂದು ನೋಡಿದೆವು.

ಮೂರನೆಯದಾಗಿ, ಮುತ್ತುಲಕ್ಷ್ಮಿ ರೆಡ್ಡಿ ಹೆರಿಗೆ ಸಹಾಯ ಯೋಜನೆಯ ಹಣ ತಾಯಿಯದು. 2018ರಿಂದ ಇದು ಒಟ್ಟು 18,000 ರೂ.; ಅದರಲ್ಲಿ 14,000 ನಗದು, ಉಳಿದದ್ದು ಪೌಷ್ಟಿಕ ಪದಾರ್ಥಗಳ ಪೆಟ್ಟಿಗೆಗಳು. ಇದರಲ್ಲಿ ಯಾರಿಗೂ ಪಾಲಿಲ್ಲ. ಆಸ್ಪತ್ರೆಯ ಸೇವೆಯ ಬಗ್ಗೆ ದೂರಿದ್ದರೆ 104ಕ್ಕೆ ಫೋನ್ ಮಾಡಬಹುದು.

ನಾಲ್ಕನೆಯದಾಗಿ, ಒಳ್ಳೆಯ ಕೆಲಸ ಮಾಡಿದವರನ್ನು ಬಾಯಿತುಂಬ ಹೊಗಳಿ. ಗ್ರಾಮ ಪಂಚಾಯತಿಯ ಊರಿನವರು ಗ್ರಾಮಸಭೆಯಲ್ಲಿ, ನಮ್ಮಂಥ ಪಟ್ಟಣ ಪಂಚಾಯತಿಯವರು ವಾರ್ಡಿನ ಸದಸ್ಯರ ಮೂಲಕ, ದಾದಿಯರ ಖಾಲಿ ಹುದ್ದೆ ತುಂಬಬೇಕೆಂದೂ ಸ್ವಯಂಸೇವಕಿಯರ ಹಣ ತಡವಾಗಬಾರದೆಂದೂ ಕೇಳಬಹುದು. ಬೆಳೆಗೆ ಬೆಲೆ ಬೇಕೆಂದು ಕೇಳುವ ನಾವು, ಆರೈಕೆ ಮಾಡುವ ಕೈಗೂ ಬೆಲೆ ಬೇಕೆಂದು ಕೇಳುವುದು ನ್ಯಾಯ.

ಐದನೆಯದಾಗಿ, ಮಗಳು ಆಸ್ಪತ್ರೆ ಕೆಲಸಕ್ಕೆ ಸೇರುವ ಮುನ್ನ ನಾಲ್ಕು ಮಾತು ಬರಹದಲ್ಲಿ ಕೇಳಿಸಿ: ತಿಂಗಳ ಸಂಬಳ ಎಷ್ಟು, ಬೋನಸ್ ಇದೆಯೇ, ರಾತ್ರಿ ಪಾಳಿಗೆ ಏನು, ಪ್ರಮಾಣಪತ್ರಗಳ ಮೂಲಪ್ರತಿ ತಮ್ಮಲ್ಲೇ ಇಟ್ಟುಕೊಳ್ಳುತ್ತಾರೆಯೇ. ಮೂಲಪ್ರತಿ ಕೊಟ್ಟು ಬರುವುದು ಬೇಡ, ನಕಲು ಸಾಕು.

ಕೊನೆಯ ಮಾತು

ಹಣ ಕೊಟ್ಟರೆ ಕೆಲಸ ಚುರುಕಾಗುತ್ತದೆ ಎಂಬುದು ನಿಜ. ಆ ಹಣದಿಂದ ಅತಿ ರಕ್ತಸ್ರಾವ ಇಳಿದದ್ದನ್ನು ಕರ್ನಾಟಕದಲ್ಲಿ ಕಂಡಿದ್ದೇವೆ. ಹಣದ ಲೆಕ್ಕವೇ ಗುರಿಯಾದರೆ ಮನುಷ್ಯ ಮರೆತುಹೋಗುತ್ತಾನೆ ಎಂಬುದೂ ನಿಜ. ದಿನಗೂಲಿಯೋ, ಪಾಲೋ, ಇನಾಮೋ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಮೊದಲು ಬದುಕಲು ಸಾಕಾಗುವ ಸಂಬಳ, ಅದರ ಮೇಲೆ ಸರಿಯಾದದ್ದನ್ನು ಅಳೆದು ಕೊಡುವ ಪ್ರೋತ್ಸಾಹ, ಎರಡನ್ನೂ ಹೊತ್ತಿಗೆ ಸರಿಯಾಗಿ ಕೊಡುವ ಆಡಳಿತ, ಲೆಕ್ಕವನ್ನು ಸತ್ಯವಾಗಿ ಹೇಳುವ ಮನೆಗಳು: ಈ ನಾಲ್ಕೂ ಇರಬೇಕು. ನಾಲ್ಕನೆಯದು ನಮ್ಮ ಕೈಯಲ್ಲಿದೆ.

ಮನೆಯಲ್ಲೂ ಸಂಘದಲ್ಲೂ ಚರ್ಚಿಸಲು ಪ್ರಶ್ನೆಗಳು

1. ನಮ್ಮ ಹೊಲದಲ್ಲಿ ಕಿಲೋ ಲೆಕ್ಕದ ಕೂಲಿಯಿಂದ ಆದ ಲಾಭವೇನು, ನಷ್ಟವೇನು? ದಾದಿಯ ಕೆಲಸಕ್ಕೆ ಅದನ್ನು ಹೋಲಿಸಿ.
2. ನಮ್ಮ ಬೀದಿಗೆ ಬರುವ ಕಾರ್ಯಕರ್ತೆ ಮಾಡುವ ಕೆಲಸಗಳಲ್ಲಿ ಯಾವುವು ಎಣಿಕೆಗೆ ಬರುವುದಿಲ್ಲ?
3. ಈ ವರ್ಷ ಹೆರಿಗೆಯಾದ ನಮ್ಮ ಮನೆಯ ತಾಯಿಯನ್ನು ಕೇಳಿ: ಮಗು ಹುಟ್ಟಿದ ಕೂಡಲೆ ಚುಚ್ಚುಮದ್ದು ಕೊಟ್ಟರೇ? ಆಮೇಲೆ ಎಷ್ಟು ಸಲ ಬಂದು ನೋಡಿದರು?